ಫ್ಲೆಕ್ಸಿನ ಹಿಂದಿನ ಹುಲಿ

ಮೈಮುನಾ ಟೀಚರನ್ನು ಮೊದಲ ಸಲ ನೋಡಿದಾಗ ಅವರನ್ನು ಬಸ್ಸಿನ ಚೆಕಿಂಗ್ ಇನ್‌ಸ್ಪೆಕ್ಟರ್ ಎಂದುಕೊಂಡಿದ್ದೆ. ಹಾಗೆ ಅಂದುಕೊಂಡದ್ದರಲ್ಲಿ ನನ್ನ ತಪ್ಪೇನೂ ಇರಲಿಲ್ಲ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬರುವ ಬಸ್ಸಿನಲ್ಲಿ ಒಬ್ಬ ಹೆಂಗಸು, ತಲೆಯ ಮೇಲೆ ಬೂದು ಬಣ್ಣದ ದುಪಟ್ಟಾ, ಕೈಯಲ್ಲಿ ಗಂಡಸರ ಗಡಿಯಾರ, ಪ್ರತಿ ಸ್ಟಾಪಿನಲ್ಲೂ ಎದ್ದು ಬಾಗಿಲವರೆಗೆ ಹೋಗಿ, ಹೊರಗೆ ಇಣುಕಿ, ಗಡಿಯಾರ ನೋಡಿ, ತುಟಿಯಲ್ಲೇ ಏನೋ ಲೆಕ್ಕ ಹಾಕಿಕೊಂಡು ಬಂದು ಕೂತರೆ ಯಾರಿಗಾದರೂ ಏನು ಅನ್ನಿಸಬೇಕು? ತೆರಕಣಾಂಬಿ ದಾಟಿದ ಮೇಲೆ ಅವರು ನೇರವಾಗಿ ನನ್ನ ಸೀಟಿನ ಹತ್ತಿರ ಬಂದು ನಿಂತರು. ನಾನು ಜೇಬಿನಿಂದ ಟಿಕೆಟ್ ತೆಗೆದು, ಪ್ರಸಾದ ಕೊಡುವವನ ಹಾಗೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದೆ.

"ಇದ್ಯಾಕೆ ನಂಗೆ?" ಅಂದರು. "ಸ್ವಲ್ಪ ಕಾಲು ಎತ್ಕೊಳಿ ಸಾರ್. ಈ ಸೀಟಿನ ಕೆಳಗೆ ಬಕೆಟ್ ಹಿಡಿಯುತ್ತಾ ನೋಡ್ಬೇಕು."

ಕಾಲೆತ್ತಿದೆ. ಅವರು ಬಗ್ಗಿ ಗೇಣು ಹಾಕಿ ಅಳೆದರು.

"ಹಿಡಿಯುತ್ತೆ. ಮುಂದಿನ ತಿರುವಲ್ಲೇ ಮಕ್ಕಳು ವಾಂತಿ ಮಾಡೋದು."

ಬಸ್ಸಿನಲ್ಲಿ ಒಂದು ಮಗುವೂ ಇರಲಿಲ್ಲ. "ಯಾವ ಮಕ್ಕಳಮ್ಮ?" ಎಂದೆ.

"ಮುಂದಿನ ತಿಂಗಳು ಬರೋ ಮಕ್ಕಳು."

ಹೀಗೆ ಆಯಿತು ಪರಿಚಯ. ಗುಂಡ್ಲುಪೇಟೆಯ ಒಂದು ಸರ್ಕಾರಿ ಶಾಲೆಯಲ್ಲಿ ಸಮಾಜ ಪಾಠ ಹೇಳುವ ಮೈಮುನಾ, ತಮ್ಮ ಏಳನೇ ಕ್ಲಾಸಿನ ಮಕ್ಕಳನ್ನು ಚಾಮರಾಜನಗರದ ಮ್ಯೂಸಿಯಮ್ಮಿಗೆ ಕರೆತರುವವರಿದ್ದರು. ಅದಕ್ಕೆ ಮೊದಲು ಒಬ್ಬರೇ ಬಂದು ರಿಹರ್ಸಲ್ ಮಾಡುತ್ತಿದ್ದರು. ಎಲ್ಲಿ ವಾಂತಿ, ಎಲ್ಲಿ ಶೌಚಾಲಯ, ಎಲ್ಲಿ ನೆರಳು, ಎಲ್ಲಿ ಐಸ್‌ಕ್ಯಾಂಡಿ ಗಾಡಿ ನಿಂತು ಮಕ್ಕಳ ಮನಸ್ಸು ಕೆಡಿಸುತ್ತದೆ, ಎಲ್ಲ. ಮದುವೆಗೆ ಹೆಣ್ಣು ನೋಡುವುದಕ್ಕೂ ನಮ್ಮ ಕಡೆ ಇಷ್ಟು ವಿಚಾರಣೆ ಮಾಡುವವರಿಲ್ಲ.

ಅವರು ಹೇಳಿದ ಮ್ಯೂಸಿಯಂ ಯಾವುದು ಎಂದು ತಿಳಿದಾಗ ನನಗೆ ಸ್ವಲ್ಪ ಎದೆ ಉಬ್ಬಿತು. ಹಳೆಯ ಅಕ್ಕಿ ಮಿಲ್ಲಿನ ಕಟ್ಟಡದಲ್ಲಿ ಊರವರೇ ಸೇರಿ ಮಾಡಿದ ಸಂಗ್ರಹಾಲಯ ಅದು. ಅದರ ಸಮಿತಿಯಲ್ಲಿ ನಾನೂ ಒಬ್ಬ. ಕೋರಂ ಕಡಿಮೆ ಬೀಳುತ್ತದೆಂದು ಸೇರಿಸಿಕೊಂಡಿದ್ದರು, ಆ ಮಾತು ಬೇರೆ. "ನಾನು ಅಲ್ಲಿನ ಸಮಿತಿ ಸದಸ್ಯ" ಎಂದೆ, ತುಸು ಗಂಟಲು ಸರಿಮಾಡಿಕೊಂಡು.

"ಹೌದಾ? ಅಲ್ಲಿ ಹೆಣ್ಣುಮಕ್ಕಳ ಟಾಯ್ಲೆಟ್ಟಿಗೆ ಚಿಲಕ ಇದೆಯಾ ಸಾರ್?"

ನನಗೆ ಗೊತ್ತಿರಲಿಲ್ಲ. ಆ ಕ್ಷಣದಿಂದ ಅವರು ನನ್ನನ್ನು ಸಮಿತಿಯ ಸದಸ್ಯನೆಂದು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಮೈಮುನಾ ಅವರ ತಂದೆ ಮಹಬೂಬ್ ಸಾಬರು ಗುಂಡ್ಲುಪೇಟೆಯ ಪೇಟೆ ಬೀದಿಯಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಸ್ಟೀಲು ಬಂತು, ಕಲಾಯಿ ಹೋಯಿತು, ಸಾಬರು ಸ್ಟವ್ ರಿಪೇರಿಗೆ ಇಳಿದರು. ಗ್ಯಾಸ್ ಬಂತು, ಅದೂ ಹೋಯಿತು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಕೇರಳಕ್ಕೆ ಹೋಗುವ ಲಾರಿಗಳ ಹತ್ತಿರ ಮಲಯಾಳ, ಹೀಗೆ ಹುಡುಗಿಗೆ ಮೂರು ಭಾಷೆ ಪುಕ್ಕಟೆಯಾಗಿ ಬಂದವು. ಗಂಡ ಅಮ್ಜದ್ ಸಣ್ಣ ಈರುಳ್ಳಿ ವ್ಯಾಪಾರದವರು. ಮಗಳು ಸಬಾ ಕಾಲೇಜು. ಟೀಚರ್ ಕೆಲಸ ಸಿಕ್ಕಿದಾಗ ಮೊದಲು ಹಾಕಿದ್ದು ಕೇರಳದ ಗಡಿಯ ಮದ್ದೂರಿನ ಕಡೆ, ಕಾಡಿನ ಅಂಚಿನ ಒಂದು ಶಾಲೆಗೆ. ಅಲ್ಲಿ ಆನೆ ಓಡಾಡುವ ಹೊತ್ತಿನಲ್ಲಿ ಯಾರೂ ಗಟ್ಟಿಯಾಗಿ ಕೂಗುವಂತಿರಲಿಲ್ಲ. ಹಾಗಾಗಿ ಮೈಮುನಾ ಟೀಚರಿಗೆ ಸಿಟ್ಟು ಬಂದಷ್ಟೂ ದನಿ ತಗ್ಗುತ್ತದೆ. ಅವರ ಕ್ಲಾಸಿನ ಮಕ್ಕಳು ಇದನ್ನು ಬೇಗ ಕಲಿಯುತ್ತಾರೆ. ಮಿಸ್ ಕೂಗಿದರೆ ಭಯವಿಲ್ಲ. ಪಿಸುಗುಟ್ಟಿದರೆ ಬೆಂಚಿನ ಕೆಳಗೆ ಜಾಗ ನೋಡಿಕೊಳ್ಳಬೇಕು.

ಒಂದು ಮ್ಯೂಸಿಯಮ್ಮಿಗೆ ಇಷ್ಟು ಒದ್ದಾಟ ಯಾಕೆ ಎಂದು ಮುಂದೊಮ್ಮೆ ಕೇಳಿದಾಗ ಅವರು ಹೇಳಿದ್ದು ಇಷ್ಟು. ಅವರೂ ಏಳನೇ ಕ್ಲಾಸಿನಲ್ಲಿ ಪ್ರವಾಸ ಹೋಗಿದ್ದರು. ಯಾವುದೋ ದೊಡ್ಡ ಊರು, ದೊಡ್ಡ ಕಟ್ಟಡ, ಉದ್ದದ ಸಾಲು. ಹಿಂದೆ ಮೇಷ್ಟರ ಬೆತ್ತ: "ನಡೀರಿ, ನಡೀರಿ. ಮುಟ್ಬೇಡಿ, ನಿಲ್ಬೇಡಿ."

"ನನ್ನ ಮುಂದೆ ರೂಪಶ್ರೀ ಅಂತ ಒಬ್ಬಳು ಎತ್ತರದ ಹುಡುಗಿ. ಅವಳ ಜಡೆಗೆ ಹಸಿರು ರಿಬ್ಬನ್. ತುದಿಯಲ್ಲಿ ನೂಲು ಬಿಟ್ಟಿತ್ತು. ಅದೊಂದೇ ಸಾರ್ ನಾನು ಆ ಮ್ಯೂಸಿಯಮ್ಮಲ್ಲಿ ನೋಡಿದ್ದು. ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ."

ತಮ್ಮ ಮಕ್ಕಳು ರಿಬ್ಬನ್ ನೋಡಿ ವಾಪಸ್ಸು ಬರಬಾರದು ಎಂಬುದು ಅವರ ಹಟ. ಅದಕ್ಕೆ ಒಂದು ಜಗಳವೂ ಬಂದು ಸೇರಿಕೊಂಡಿತ್ತು.

ನಮ್ಮ ಸಂಗ್ರಹಾಲಯದಲ್ಲಿ ಒಂದು ವೀರಗಲ್ಲು ಇದೆ. ಒಬ್ಬ ಮನುಷ್ಯ, ಒಂದು ಹುಲಿ, ಇಬ್ಬರೂ ಕೈಕೈ ಮಿಲಾಯಿಸಿದ್ದಾರೆ. ಪಾಠ ಮಾಡುವಾಗ ಟೀಚರ್ ಅದರ ಫೋಟೋವನ್ನು ಫೋನಿನಲ್ಲಿ ತೋರಿಸಿದರು. ಮಸುಕು ಫೋಟೋ. ಗೆದ್ದವರು ಯಾರು ಎಂದು ಅದರಲ್ಲಿ ತಿಳಿಯುವುದಿಲ್ಲ. ಸೋಮೇಶ್ ಎಂಬ ಹುಡುಗ ಎದ್ದು ನಿಂತು ತೀರ್ಪು ಕೊಟ್ಟುಬಿಟ್ಟ: "ಮನುಷ್ಯನೇ ಗೆದ್ದಿದ್ದು ಮಿಸ್. ಸೋತೋರ್ಗೆ ಯಾರು ಕಲ್ಲು ನಿಲ್ಲುಸ್ತರೆ?"

ಮಿಸ್ಬಾ ಎಂಬ ಹುಡುಗಿ ಕೂತಲ್ಲಿಂದಲೇ ಹೇಳಿದಳು: "ಗೆದ್ದಿದ್ರೆ ಅವನು ಮನೆಗೆ ಹೋಗಿ ಊಟ ಮಾಡ್ಕೊಂಡು ಮಲಗಿರ್ತಿದ್ದ ಕಣೋ. ಸತ್ತಿದ್ದಕ್ಕೇ ಕಲ್ಲು."

ಕ್ಲಾಸು ಎರಡು ಹೋಳಾಯಿತು. ಹುಲಿ ಪಾರ್ಟಿಯವರು ಮನುಷ್ಯ ಪಾರ್ಟಿಯವರಿಗೆ ಪೆನ್ಸಿಲ್ ಕೊಡುವುದು ನಿಂತಿತು. ಬಿಸಿಯೂಟಕ್ಕೆ ಬೇರೆ ಬೇರೆ ಸಾಲು. ಟೀಚರ್ ಹೇಳಿದರು: "ತೀರ್ಪು ನಾನು ಕೊಡಲ್ಲ. ಹೋಗಿ, ಕಲ್ಲಿನ ಮುಂದೆ ನಿಂತು, ನೀವೇ ನೋಡಿ ಹೇಳಿ. ಎಲ್ಲರೂ ನಿಲ್ತೀರಿ. ಒಬ್ಬರೂ ಬಿಡಲ್ಲ. ಇದು ನನ್ನ ಮಾತು."

ಆ ಶಾಲೆಯಲ್ಲಿ ಏಳನೇ ಕ್ಲಾಸೇ ಕೊನೆ. ಬೇಸಿಗೆ ಕಳೆದರೆ ಈ ಮಕ್ಕಳು ಊರೂರಿಗೆ ಚೆಲ್ಲಿಹೋಗುತ್ತಾರೆ. ಕೊಟ್ಟ ಮಾತನ್ನು ಈ ವರ್ಷವೇ ಉಳಿಸಿಕೊಳ್ಳಬೇಕಿತ್ತು.

ಅನುಮತಿ ಕೇಳಲು ಹೋದಾಗ ಹೆಡ್‌ಮಾಸ್ಟರ್ ಪುಟ್ಟಮಲ್ಲಪ್ಪನವರು ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆ ಆ ಕೆಲಸ ಆಗುವುದಿಲ್ಲ ಎಂದು ಅರ್ಥ.

"ಯಾಕಮ್ಮ ಮೈಮುನಾ ಇಲ್ಲದ ರಿಸ್ಕು? ಗೂಗಲ್ಲಲ್ಲಿ ಹಾಕಿದ್ರೆ ಲಂಡನ್ ಮ್ಯೂಸಿಯಮ್ಮೇ ಬರುತ್ತೆ. ಚಾಮ್ರಾಜ್ನಗರದ್ದು ಯಾವ ಮೂಲೆ?"

"ಗೂಗಲ್ಲಲ್ಲಿ ಹುಲಿ ಹಲ್ಲು ಮುಟ್ಟಿ ನೋಡಕ್ಕಾಗಲ್ಲ ಸಾರ್."

"ಮುಟ್ಟಿ ಏನಾಗ್ಬೇಕು? ದಾರೀಲಿ ಒಂದು ಮಗೂಗೆ ಜ್ವರ ಬಂದ್ರೆ ಯಾರಮ್ಮ ಜವಾಬ್ದಾರಿ?"

"ನಾನು."

"ಬಸ್ಸು ಕೆಟ್ಟು ನಿಂತ್ರೆ?"

"ನಾನು."

ಕನ್ನಡಕ ಮೂಗಿಗೆ ಏರಿತು. ಬೇರೆಯವರು ಹೊರುವ ಜವಾಬ್ದಾರಿಯನ್ನು ಪುಟ್ಟಮಲ್ಲಪ್ಪನವರು ಎಂದೂ ತಡೆದವರಲ್ಲ.

ಆಮೇಲೆ ತಂದೆ ತಾಯಿಯರ ಸಭೆ. ವಾಟರ್ ಗೇಮ್ಸ್ ಇಲ್ಲದ ಪ್ರವಾಸ ಅದೆಂಥದು ಎಂದು ಒಬ್ಬರು ಕೇಳಿದರು. ಚಿಕನ್ ಬಿರಿಯಾನಿಯೋ ಪಲಾವೋ ಎಂದು ಇನ್ನೊಬ್ಬರು. ಸೋಮೇಶನ ಅಜ್ಜಿ ಈರಮ್ಮ ಹಿಂದಿನ ಸಾಲಿನಿಂದ ಎದ್ದಳು: "ಅಲ್ಲ ಕಣವ್ವ ಟೀಚರಮ್ಮ, ಕಲ್ ನೋಡಕ ಅಷ್ಟು ದೂರ ಯಾಕ ಓಗ್ಬೇಕು? ನಮ್ ಹೊಲಕ್ಕ ಕಳ್ಸು, ಬೇಕಾದಷ್ಟು ಅವ. ನೋಡಿಯೂ ಆಯ್ತದ, ಆಯ್ದು ಬದೀಗ ಹಾಕಿಯೂ ಆಯ್ತದ." ಸಭೆ ನಕ್ಕಿತು. ಟೀಚರ್ ನಗಲಿಲ್ಲ. ಮನೆಗೆ ಬಂದು ಗಂಡನ ಎದುರು ಚೀಲ ಎತ್ತಿ ಹಾಕಿದರಂತೆ. ಅಮ್ಜದ್ ಈರುಳ್ಳಿ ಮೂಟೆಯ ಲೆಕ್ಕ ಬಿಟ್ಟು ತಲೆಯೆತ್ತಿ, "ಒಂದು ಲಾರಿ ಈರುಳ್ಳೀನ ಸುಲ್ತಾನ್ ಬತ್ತೇರಿಗೆ ಕಳಿಸೋದು ಇದಕ್ಕಿಂತ ಸಲೀಸು, ಬಿಡು" ಎಂದರಂತೆ. ಸಮಾಧಾನ ಹೇಳುವುದು ಅವರ ವ್ಯಾಪಾರದಲ್ಲಿಲ್ಲ.

ಇಷ್ಟೆಲ್ಲ ದಾಟಿ ಒಂದು ದಿನ ಗೊತ್ತಾಯಿತು. ಒಪ್ಪಂದದ ಬಸ್ಸು ಸಿಕ್ಕಿತು. ಬೆಳಿಗ್ಗೆ ಹನ್ನೊಂದಕ್ಕೆ ಮ್ಯೂಸಿಯಂ ತಲುಪುವುದು, ಒಂದು ಗಂಟೆಗೆ ಹೊರಡಲೇಬೇಕು. ಮಧ್ಯಾಹ್ನ ಅದೇ ಬಸ್ಸು ಒಂದು ಮದುವೆ ದಿಬ್ಬಣಕ್ಕೆ ಹೋಗಬೇಕಿತ್ತು. ಟೀಚರ್ ಆ ಎರಡು ಗಂಟೆಯನ್ನು ಹೋಳಿಗೆ ಕಣಕದಂತೆ ನಾದಿ, ಪಾಲು ಮಾಡಿ ಇಟ್ಟುಕೊಂಡಿದ್ದರು. ಇಷ್ಟು ಮಕ್ಕಳು ಪಲ್ಲಕ್ಕಿಯ ಹತ್ತಿರ, ಇಷ್ಟು ಮಕ್ಕಳು ಸೇರು ಪಾವು ಕೊಳಗಗಳ ಹತ್ತಿರ, ಇಷ್ಟು ಮಕ್ಕಳು ಕಲ್ಲಿನ ಮುಂದೆ, ಆಮೇಲೆ ಅದಲು ಬದಲು.

ಇನ್ನೇನು ಎಲ್ಲ ಸರಿಹೋಯಿತು ಅನ್ನುವಾಗ ಸುದ್ದಿ ನಮ್ಮ ಸಮಿತಿಯ ಅಧ್ಯಕ್ಷರ ಕಿವಿಗೆ ಬಿತ್ತು.

ಅಧ್ಯಕ್ಷರು ಹರವೆಯ ವೃಷಭೇಂದ್ರಪ್ಪನವರು. ಒಳ್ಳೆಯ ಹಿಡುವಳಿದಾರರು, ಒಳ್ಳೆಯ ಮನುಷ್ಯರು, ಬಿಳಿ ಜುಬ್ಬಾಕ್ಕೆ ಇಸ್ತ್ರಿ ಇಲ್ಲದೆ ಹೊಲಕ್ಕೂ ಹೋಗದವರು. ಆ ವೀರಗಲ್ಲು ಅವರ ಹೊಲದಲ್ಲಿ ಸಿಕ್ಕಿದ್ದು. ಅದಕ್ಕೆ ಮೊದಲು ಎಷ್ಟೋ ವರ್ಷ ಅವರ ಎಮ್ಮೆಗಳು ಅದಕ್ಕೆ ಮೈ ಉಜ್ಜಿಕೊಳ್ಳುತ್ತಿದ್ದವು. ಕಲ್ಲನ್ನು ಸಂಗ್ರಹಾಲಯಕ್ಕೆ ದಾನ ಕೊಟ್ಟ ದಿನದಿಂದ ಅವರು ಆ ಹುಲಿಯ ಕತೆಯನ್ನು, ತಾವೇ ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತಿದ್ದವರ ಹಾಗೆ ಹೇಳುತ್ತಾರೆ.

ಬೇರೆ ತಾಲ್ಲೂಕಿನಿಂದ ಒಂದು ಶಾಲೆ ಬರುತ್ತಿದೆ ಎಂದು ಕೇಳಿ ವೃಷಭೇಂದ್ರಪ್ಪನವರ ಕಣ್ಣಲ್ಲಿ ನೀರು ಬಂತು. ತಕ್ಷಣ ಸಮಿತಿಯ ಸಭೆ ಕರೆದರು. ಟೀಚರಿಗೂ ಹೇಳಿಕಳಿಸಿದರು. ಪಾಪ, ಅವರು ಶಾಲೆ ಮುಗಿಸಿ ಮತ್ತೆ ಅದೇ ಬಸ್ಸು ಹಿಡಿದು ಬಂದರು.

"ಕಾರ್ಯಕ್ರಮ ಅಂತ ಏನೂ ಬೇಡ ಸಾರ್" ಎಂದರು ಟೀಚರ್. "ನಾವು ಬರ್ತೀವಿ, ನೋಡ್ತೀವಿ, ಹೋಗ್ತೀವಿ."

ವೃಷಭೇಂದ್ರಪ್ಪನವರಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. "ಏನ್ ಮೇಡಮ್ನೋರೆ ಇಂಗಂತೀರಿ? ನಮ್ಮೂರ್ಗ ಬಂದ ಮಕ್ಕ ಸುಮ್ಕ ನೋಡ್ಕಂಡು ಓಗದಾ? ನಾವೇನು ಗತಿಗೆಟ್ಟಿವಾ? ನಾಳ ಗುಂಡ್ಲುಪ್ಯಾಟ ಜನ ಏನಂದಾರು? ಒಂದು ಹಾರ ಇಲ್ಲ, ಒಂದು ಮಾತಿಲ್ಲ ಅನ್ನಲ್ವಾ?"

"ಮಕ್ಕಳಿಗೆ ಹಾರ ಬೇಡ ಸಾರ್."

"ಮಕ್ಕಳ್ಗಲ್ಲ ಬುಡಿ, ಹಾರ ನಮ್ಗೇ."

ಸಭೆಯಲ್ಲಿ ಯಾರಿಗೂ ಇದು ನಗುವ ಮಾತೆಂದು ಅನ್ನಿಸಲಿಲ್ಲ. ಬಂದವರನ್ನು ಸುಮ್ಮನೆ ನೋಡಲು ಬಿಡುವುದು ನಮ್ಮ ಕಡೆ ಅವಮರ್ಯಾದೆ. ಮೊದಲು ಕೂರಿಸಬೇಕು, ದೀಪ ಹಚ್ಚಬೇಕು, ಅವರ ಬಗ್ಗೆ ನಾಲ್ಕು ಮಾತು, ನಮ್ಮ ಬಗ್ಗೆ ನಲವತ್ತು ಮಾತು ಆಡಬೇಕು, ಶಾಲು ಹೊದಿಸಬೇಕು. ಆಮೇಲೆ ಬೇಕಿದ್ದರೆ ನೋಡಿಕೊಳ್ಳಲಿ.

ಟೀಚರ್ ದನಿ ತಗ್ಗಿಸಿದರು. "ನಂಗಿರೋದು ಎರಡು ಗಂಟೆ ಸಾರ್."

"ಐದೇ ನಿಮ್ಷ ಕಣಮ್ಮಾ. ಪ್ರಾರ್ಥನೆ, ಸ್ವಾಗತ, ಮುಗೀತು. ನಿಮ್ ಮಕ್ಕಳದ್ದೇ ಒಂದು ಡ್ಯಾನ್ಸ್ ಮಡಗಿ, ಕಳೆ ಬತ್ತದ."

ಹೆಡ್‌ಮಾಸ್ಟರಿಗೆ ಫೋನು ಹೋಯಿತು. ಅತಿಥಿಗಳ ಸಾಲಿನಲ್ಲಿ ತಮ್ಮ ಹೆಸರು ಇರುತ್ತದೆಂದು ತಿಳಿದ ಪುಟ್ಟಮಲ್ಲಪ್ಪನವರು ಕನ್ನಡಕ ಒರೆಸದೆಯೇ ಡ್ಯಾನ್ಸಿಗೆ ಒಪ್ಪಿಗೆ ಕೊಟ್ಟರು. ಮಾರನೆಯ ದಿನದಿಂದ ಸಮಾಜ ಪಾಠದ ಅವಧಿ ಕೋಲಾಟದ ಅವಧಿಯಾಯಿತು. ಕಲ್ಲಿನ ಬಗ್ಗೆ ಏನೇನು ಕೇಳಬೇಕೆಂದು ಮಕ್ಕಳಿಗೆ ಕಲಿಸಬೇಕಾಗಿದ್ದ ಟೀಚರ್, ಎಂಟು ಹುಡುಗಿಯರಿಗೆ "ಎಡಗಾಲು, ಬಲಗಾಲು" ಎಂದು ಕೂಗುತ್ತಾ ನಿಂತರು. ಕೂಗುವುದು ಅವರಿಗೆ ಅಭ್ಯಾಸವಿಲ್ಲ. ಎರಡೇ ದಿನಕ್ಕೆ ಗಂಟಲು ಕಟ್ಟಿತು.

ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂತು. ನಾನು ಓದಿದೆ. ಪ್ರಾರ್ಥನೆ, ನಾಡಗೀತೆ, ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಸನ್ಮಾನ, ಅಧ್ಯಕ್ಷರ ನುಡಿ, ವಂದನಾರ್ಪಣೆ, ಲಘು ಉಪಾಹಾರ. ಅದರ ಕೆಳಗೆ, ಪ್ರೆಸ್ಸಿನವರ ಫೋನ್ ನಂಬರಿಗಿಂತ ಸಣ್ಣ ಅಕ್ಷರದಲ್ಲಿ, "ಸಂಗ್ರಹಾಲಯ ವೀಕ್ಷಣೆ (ಸಮಯವಿದ್ದಲ್ಲಿ)". ಹತ್ತು ವರ್ಷದ ಹಿಂದೆ ಉದ್ಘಾಟನೆಯಾದ ಮ್ಯೂಸಿಯಮ್ಮಿನಲ್ಲಿ ಈಗ ಯಾವುದರ ಉದ್ಘಾಟನೆ ಎಂದು ಅಧ್ಯಕ್ಷರನ್ನೇ ಕೇಳಿದೆ. "ಕಾರ್ಯಕ್ರಮದ್ದು ಕಣ್ರಿ" ಎಂದರು. ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಆ ಹೊತ್ತಿಗೆ ಎಲ್ಲರ ಕಣ್ಣೂ ಉಪ್ಪಿಟ್ಟಿನ ಮೇಲಿರುವುದರಿಂದ ಏನು ಹೇಳಿದರೂ ನಡೆಯುತ್ತದೆ.

ಟೀಚರ್ ಪತ್ರಿಕೆ ನೋಡಿ ಫೋನು ಮಾಡಿದರು. ಬಹಳ ಮೆಲ್ಲಗೆ ಮಾತಾಡಿದರು. ನಾನು ಫೋನನ್ನು ಕಿವಿಗೆ ಒತ್ತಿಕೊಳ್ಳಬೇಕಾಯಿತು. "ನೀವು ಸಮಿತೀಲಿ ಏನು ಮಾಡ್ತೀರಿ ಸಾರ್?" ಎಂದರು. ಅಂಗಳದಲ್ಲಿ ಶಾಮಿಯಾನ ಹಾಕುತ್ತೇವೆ, ಕಾರ್ಯಕ್ರಮ ಹೊರಗೇ ಮುಗಿಯುತ್ತದೆ, ಒಳಗೆ ವಸ್ತುಗಳು ಇದ್ದಲ್ಲೇ ಇರುತ್ತವೆ, ಭಾಷಣ ನಡೆಯುವಾಗಲೇ ಮಕ್ಕಳನ್ನು ಗುಂಪುಗುಂಪಾಗಿ ಒಳಗೆ ಬಿಡಬಹುದು ಎಂದು ಧೈರ್ಯ ಹೇಳಿದೆ. ಅವರು ನಂಬಿದರು. ನಾನೂ ನಂಬಿದ್ದೆ.

ಆದರೆ ಆ ದಿನ ಒಳ್ಳೆಯ ಮುಹೂರ್ತ. ಚಾಮರಾಜನಗರದ ಶಾಮಿಯಾನಗಳೆಲ್ಲ ಮದುವೆ ಮನೆಗಳ ಮುಂದೆ ನಿಂತಿದ್ದವು. ಮಕ್ಕಳನ್ನು ಬಿಸಿಲಲ್ಲಿ ಕೂರಿಸುವುದುಂಟೆ? ಅಧ್ಯಕ್ಷರು ಹಿಂದಿನ ದಿನ ಸಂಜೆ ನಿರ್ಧಾರ ತೆಗೆದುಕೊಂಡರು: ಕಾರ್ಯಕ್ರಮ ಒಳಗೇ. ಒಳಗೆ ಜಾಗವಿಲ್ಲವಲ್ಲ, ಸಾಮಾನು ತುಂಬಿದೆಯಲ್ಲ ಎಂದು ಯಾರೋ ಅಂದರು. "ಸಾಮಾನ್ನ ಹಿಂದ್ಲ ರೂಮ್ಗ ಹಾಕಿ ಬೀಗ ಬುಡ್ರಪ್ಪ. ನಾಳ ಒಂದಿನ ತಾನೆ?" ಎಂದರು.

ನಾನು ಬೆಳಿಗ್ಗೆ ಹೋದಾಗ ಮ್ಯೂಸಿಯಂ ಮ್ಯೂಸಿಯಮ್ಮಿನಂತಿರಲಿಲ್ಲ. ಒಳ್ಳೆಯ ಕಲ್ಯಾಣ ಮಂಟಪದಂತಿತ್ತು. ಪಲ್ಲಕ್ಕಿಯಿಲ್ಲ, ಕೊಳಗವಿಲ್ಲ, ನೇಗಿಲಿಲ್ಲ. ಕೆಂಪು ಜಮಖಾನ, ವೇದಿಕೆ, ಸಿಂಹಾಸನದಂಥ ಕುರ್ಚಿಗಳು. ವೀರಗಲ್ಲು ಒಂದನ್ನು ಮಾತ್ರ ಅಲ್ಲಾಡಿಸಲು ಆಗಿರಲಿಲ್ಲ. ಅದು ವೇದಿಕೆಯ ಹಿಂದೆ ಗೋಡೆಗೆ ಒರಗಿತ್ತು. ಅದು ಕಾಣದ ಹಾಗೆ ಅಗಲವಾದ ಒಂದು ಫ್ಲೆಕ್ಸ್ ಕಟ್ಟಿದ್ದರು. ಫ್ಲೆಕ್ಸಿನಲ್ಲಿ ಏನಿತ್ತೆಂದರೆ, ಅದೇ ವೀರಗಲ್ಲಿನ ಫೋಟೋ. ಅಧ್ಯಕ್ಷರ ಭಾವಚಿತ್ರಕ್ಕೆ ಜಾಗ ಸಾಲದೆ ಫ್ಲೆಕ್ಸ್ ಮಾಡುವವನು ಅದನ್ನು ಹುಲಿಯ ಮೇಲೇ ಅಂಟಿಸಿದ್ದ. ಹೀಗಾಗಿ ಕಲ್ಲಿನ ಆ ವೀರ ಕಠಾರಿ ಎತ್ತಿಕೊಂಡು ನಗುನಗುತ್ತಿರುವ ವೃಷಭೇಂದ್ರಪ್ಪನವರ ಮೇಲೆ ಬೀಳುತ್ತಿದ್ದ.

ಬಸ್ಸು ಬಂತು. ಮಕ್ಕಳು ಇಳಿದರು. ವಾಂತಿ ಅಂದುಕೊಂಡ ತಿರುವಿನಲ್ಲೇ ಆಗಿತ್ತಂತೆ, ಬಕೆಟ್ ಹಿಡಿಸಿತ್ತಂತೆ. ಟೀಚರ ಮುಖದಲ್ಲಿ ಆ ತೃಪ್ತಿ ಇತ್ತು. ಬಾಗಿಲಿಗೆ ಬಂದು ಒಳಗೆ ನೋಡಿದರು. ತೃಪ್ತಿ ಹೋಯಿತು.

"ಮಿಸ್, ಪಲ್ಲಕ್ಕಿ ಎಲ್ಲಿ?" ಮಿಸ್ಬಾ ಕೇಳಿದಳು.

ಅಟೆಂಡರ್ ಚಿಕ್ಕಮಾದಯ್ಯ ಹೆಮ್ಮೆಯಿಂದ ಹೇಳಿದ: "ಹಿಂದ್ಲ ರೂಮಲ್ಲದ ಕಣವ್ವ. ಭದ್ರವಾಗದ. ಅದ್ರೊಳ್ಗೇ ನಿಮ್ ತಿಂಡಿ ಪೊಟ್ಣ ಮಡಗಿವಿ."

"ಬೀಗದ ಕೈ?" ಎಂದರು ಟೀಚರ್.

"ಕಾರ್ಯದರ್ಶಿಗಳ ತಾವ. ಅವರು ಮದ್ವ ಮನೇಲಿ ಧಾರೆ ಮುಗುಸ್ಕಂಡು ತಿಂಡಿ ಹೊತ್ತಿಗ ಬತ್ತರ."

ಟೀಚರ್ ನನ್ನತ್ತ ನೋಡಿದರು. ನಾನು ಫ್ಲೆಕ್ಸ್ ನೋಡಿದೆ.

ಮಕ್ಕಳನ್ನು ಜಮಖಾನದ ಮೇಲೆ ಕೂರಿಸಿದರು. ಪ್ರಾರ್ಥನೆಯಾಯಿತು. ದೀಪದ ಬತ್ತಿ ಹತ್ತಿಕೊಳ್ಳಲಿಲ್ಲ. ಹತ್ತುವವರೆಗೆ ಗಣ್ಯರೆಲ್ಲ ಫೋಟೋಕ್ಕೆ ಬಗ್ಗಿಕೊಂಡೇ ನಿಂತರು. ಸ್ವಾಗತ ಭಾಷಣದಲ್ಲಿ ಪ್ರತಿಯೊಬ್ಬರ ತಂದೆಯವರನ್ನೂ ಸ್ಮರಿಸಲಾಯಿತು. ಸನ್ಮಾನವಾಯಿತು. ಪುಟ್ಟಮಲ್ಲಪ್ಪನವರಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಮಕ್ಕಳನ್ನು ಇಷ್ಟು ದೂರ ಕರೆತಂದ ಸಾಹಸಕ್ಕಾಗಿ. ಟೀಚರಿಗೂ ಒಂದು ಗುಲಾಬಿ ಕೊಟ್ಟರು. ಅವರು ಅದರ ಮುಳ್ಳನ್ನು ಉಗುರಿನಿಂದ ಒಂದೊಂದಾಗಿ ಕೀಳುತ್ತಾ ಗಡಿಯಾರ ನೋಡುತ್ತಿದ್ದರು. ಸೋಮೇಶನನ್ನು ಹಾರದ ತಟ್ಟೆ ಹಿಡಿದುಕೊಳ್ಳಲು ವೇದಿಕೆಯ ಪಕ್ಕ ನಿಲ್ಲಿಸಿಬಿಟ್ಟಿದ್ದರು.

ಅಧ್ಯಕ್ಷರು ಎದ್ದು ಮೈಕ್ ಹಿಡಿಯುವ ಹೊತ್ತಿಗೆ ಒಂದು ಗಂಟೆ ಹೊಡೆಯಲು ಹೆಚ್ಚು ಹೊತ್ತಿರಲಿಲ್ಲ. ಟೀಚರ್ ಚಿಕ್ಕಮಾದಯ್ಯನ ಹತ್ತಿರ ಹೋದರು. ನಾನು ವೇದಿಕೆಯ ತುದಿಯ ಕುರ್ಚಿಯಲ್ಲಿದ್ದೆನಾದ್ದರಿಂದ ಕೇಳಿಸಿತು.

"ಡ್ಯಾನ್ಸಿಗೆ ಮಕ್ಕಳು ರೆಡಿ ಆಗ್ಬೇಕು. ಜಾಗ ಎಲ್ಲಿ?"

"ಅಗೋ, ಆ ಫ್ಲೆಕ್ಸ್ ಹಿಂದ್ಗಡ ಕಣವ್ವ. ಕಲ್ ಅದ, ಎಡವೀರಿ, ಉಸಾರು."

ಟೀಚರ್ ಫ್ಲೆಕ್ಸಿನತ್ತ ನೋಡಿದರು. ಆಮೇಲೆ ಜಮಖಾನದ ಮೊದಲ ಸಾಲಿಗೆ ಬಗ್ಗಿ ಪಿಸುಗುಟ್ಟಿದರು. ಆರೇಳು ಮಕ್ಕಳು ಎದ್ದು ಅವರ ಜೊತೆ ಫ್ಲೆಕ್ಸಿನ ಹಿಂದೆ ಹೋದವು. ಫೋನಿನ ಟಾರ್ಚು ಹತ್ತಿತು. ಫ್ಲೆಕ್ಸಿನಲ್ಲಿದ್ದ ಅಧ್ಯಕ್ಷರ ಹೊಟ್ಟೆಯ ಭಾಗ ಹಿಂದಿನಿಂದ ಬೆಳಗಿತು. ಸ್ವಲ್ಪ ಹೊತ್ತಿಗೆ ಅವು ಆಚೆ ಕಡೆಯಿಂದ ಬಂದು ಗೋಡೆ ಬದಿ ನಿಂತವು. ಇನ್ನೊಂದು ಸಾಲು ಎದ್ದಿತು. ಗಂಡು ಹುಡುಗರೂ ಎದ್ದರು. ಎಂಟು ಹುಡುಗಿಯರ ಕೋಲಾಟಕ್ಕೆ ಇಡೀ ಕ್ಲಾಸು ಅಲಂಕಾರಕ್ಕೆ ಹೊರಟಿತ್ತು.

ವೃಷಭೇಂದ್ರಪ್ಪನವರಿಗೆ ಇದು ತಿಳಿಯಲಿಲ್ಲ. ಹರವೆಯ ಹೊಲದ ಮಾತು ಬಂದರೆ ಅವರು ಕಣ್ಣು ಮುಚ್ಚಿಕೊಂಡು ಮಾತಾಡುತ್ತಾರೆ. "ನಮ್ಮ ಹಿರೀಕರು ಈ ನೆಲದಲ್ಲಿ..." ಎಂದು ಅವರು ಉಸಿರೆಳೆದುಕೊಂಡಾಗ, ಅವರ ಬೆನ್ನ ಹಿಂದಿನಿಂದ ಒಂದು ಸಣ್ಣ ದನಿ ಬಂತು:

"ಅವನ ಕೈ ಹುಲಿ ಬಾಯೊಳ್ಗೇ ಅದ ಕಣ್ಲಾ!"

"ಕಠಾರಿ ನೋಡು, ಹುಲಿ ಬೆನ್ನಿಂದಾಚೆ ಬಂದದ!"

"ಮೇಲ್ಗಡೆ ಅವನ್ನ ಇಬ್ಬರು ಹೆಂಗಸರು ಎತ್ಕೊಂಡು ಹೋಗ್ತಿದಾರೆ. ಎಲ್ಲಿಗೆ ಮಿಸ್?" ಇದು ಮಿಸ್ಬಾಳ ದನಿ. ಆಮೇಲೆ, ತನ್ನ ಪಾರ್ಟಿಗೆ ಸಿಕ್ಕಿದ್ದು ಅರ್ಧ ಗೆಲುವು ಮಾತ್ರ ಎಂಬ ಬೇಸರದಲ್ಲಿ: "ಇಬ್ಬರೂ ಸತ್ತಿದಾರೆ."

ಅಧ್ಯಕ್ಷರು ಕಣ್ಣು ಬಿಡದೆಯೇ, "ದಯಮಾಡಿ ಮೊಬೈಲ್ಗಳನ್ನ ಆಫ್ ಮಾಡಬೇಕು" ಎಂದು ಕೋರಿ ಮುಂದುವರಿದರು.

ಅವರು ಕಣ್ಣು ಬಿಟ್ಟಾಗ ಎದುರಿಗೆ ಖಾಲಿ ಜಮಖಾನ. ಗಾಬರಿಯಾದರು. ಅಷ್ಟರಲ್ಲಿ ಗೋಡೆ ಬದಿಯಿಂದ ಇಡೀ ಕ್ಲಾಸು ವೇದಿಕೆಗೆ ನುಗ್ಗಿತು. ಎಂಟು ಜೊತೆ ಕೋಲು. ಉಳಿದವರು ಚಪ್ಪಾಳೆ ತಟ್ಟಿ ಕುಣಿದರು. ವೇದಿಕೆಯಿಂದ ಕೆಳಗಿಳಿದು ನೋಡಲು ಉಳಿದವರು ಪೇಟ ಕಟ್ಟಿಸಿಕೊಂಡ ಹೆಡ್‌ಮಾಸ್ಟರು ಮತ್ತು ಸಮಿತಿಯ ನಾವಷ್ಟೇ. "ಇಡೀ ಶಾಲೇನೇ ಕುಣೀತಲ್ರೀ!" ಎಂದು ಅಧ್ಯಕ್ಷರ ಕಣ್ಣು ಮತ್ತೆ ಒದ್ದೆಯಾಯಿತು.

ಹೊರಗೆ ಬಸ್ಸಿನವನು ಹಾರನ್ ಒತ್ತತೊಡಗಿದ. ನನ್ನ ವಂದನಾರ್ಪಣೆಯನ್ನು ಕೈಬಿಟ್ಟರು. ಬೀಗದ ಕೈ ಇನ್ನೂ ಧಾರೆಯಲ್ಲೇ ಇತ್ತು. ಪಲ್ಲಕ್ಕಿಯನ್ನೂ ಅದರೊಳಗಿನ ತಿಂಡಿಯನ್ನೂ ಮಕ್ಕಳು ಆ ದಿನ ನೋಡಲಿಲ್ಲ. "ಗ್ರೂಪ್ ಫೋಟೋ ಒಂದು, ಎಲ್ಲರೂ ಫ್ಲೆಕ್ಸ್ ಮುಂದೆ ಬನ್ನಿ" ಎಂದು ಫೋಟೋದವನು ಕೂಗಿದ. ಟೀಚರ್ ತಲೆ ಮುಟ್ಟಿ ಮುಟ್ಟಿ ಎಣಿಸಿದರು. ಆಮೇಲೆ ಸೋಮೇಶನ ಕೈಯಿಂದ ಹಾರದ ತಟ್ಟೆಯನ್ನು ತೆಗೆದು ಪುಟ್ಟಮಲ್ಲಪ್ಪನವರ ಕೈಗೆ ಕೊಟ್ಟರು, ತಮ್ಮ ಫೋನನ್ನು ಹುಡುಗನ ಕೈಗೆ ಕೊಟ್ಟರು, ಫ್ಲೆಕ್ಸಿನ ಅಂಚನ್ನು ಎತ್ತಿ ಅವನನ್ನು ಒಳಗೆ ನೂಕಿದರು.

"ಒಬ್ಬ ಕಮ್ಮಿ ಕಣಮ್ಮ ಫೋಟೋಗೆ!" ಎಂದರು ಪುಟ್ಟಮಲ್ಲಪ್ಪ.

"ಇರ್ಲಿ ಸಾರ್. ಅವನು ನೋಡ್ತಾ ಇದಾನೆ."

ಮರುದಿನ ಪೇಪರಿನಲ್ಲಿ ಆ ಫೋಟೋ ಬಂತು. ಸೂಕ್ಷ್ಮವಾಗಿ ನೋಡಿದರೆ ಗಣ್ಯರ ಸಾಲಿನ ಹಿಂದೆ, ಫ್ಲೆಕ್ಸಿನ ಕೆಳಗೆ, ಎರಡು ಬರಿಗಾಲು ಕಾಣುತ್ತವೆ. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತಿವೆ. ಹುಲಿಯ ಬಾಯಿ ಸ್ವಲ್ಪ ಎತ್ತರದಲ್ಲಿದೆ.

ಆ ದಿನ ಬಸ್ಸು ಹೊರಡುವಾಗ ವೃಷಭೇಂದ್ರಪ್ಪನವರು ಹಾರ ಸಮೇತ ಕಿಟಕಿಯವರೆಗೆ ಬಂದರು. ಒಳಗೆ ಹುಲಿ ಪಾರ್ಟಿಯೂ ಮನುಷ್ಯ ಪಾರ್ಟಿಯೂ ಸೋಮೇಶನನ್ನು ಸುತ್ತುವರಿದು, ಮೊದಲು ಸತ್ತವರು ಯಾರು ಎಂಬ ಹೊಸ ಜಗಳ ತೆಗೆದಿದ್ದವು. ಟೀಚರ್ ಬಕೆಟನ್ನು ಸೀಟಿನ ಕೆಳಗೆ ತಳ್ಳುತ್ತಿದ್ದರು.

"ಮೇಡಮ್ನೋರೆ, ಏನೂ ಕೊರತೆ ಆಗ್ನಿಲ್ಲ ತಾನೆ? ಬರೋ ವರ್ಷ ಇದ್ಕಿಂತ ಜೋರಾಗಿ ಮಾಡನ. ನಮ್ ಕಡಿಂದ ಇನ್ನೂ ಏನೇನು ಮಾಡ್ಬೇಕು, ಸಂಕೋಚ ಬ್ಯಾಡ, ಹೇಳಿ."

ಟೀಚರ್ ಎದ್ದು ಕಿಟಕಿಗೆ ಬಗ್ಗಿದರು. ದನಿ ಎಷ್ಟು ತಗ್ಗಿತ್ತೆಂದರೆ ಅಧ್ಯಕ್ಷರು ಕಿವಿಗೆ ಕೈ ಕೊಟ್ಟು ಕೇಳಿಸಿಕೊಳ್ಳಬೇಕಾಯಿತು.

"ಬೀಗ ತೆಗೆದು ಮನೆಗೆ ಹೋಗಿ ಸಾರ್."